ತೊಟ್ಟಿಲಿಗೆ ವಾರ್ನಿಶ್

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗುರುಗಳ ಅಪ್ಪಣೆಯಾದ ದಿನವೇ ಗೆಳೆಯರು ವಿಷಯಗಳನ್ನೆಲ್ಲ ಹಂಚಿಕೊಂಡುಬಿಟ್ಟರು. ಒಬ್ಬನು ಪ್ರಜಾಪ್ರಭುತ್ವವನ್ನು ಹಿಡಿದನು, ಇನ್ನೊಬ್ಬನು ಬೇಂದ್ರೆಯವರ ಕಾವ್ಯವನ್ನು, ಮತ್ತೊಬ್ಬನು ನಿರುದ್ಯೋಗವನ್ನು. ನನ್ನ ಪಾಲಿಗೆ ವಾರ್ನಿಶ್ ಉಳಿಯಿತು. ಇದನ್ನು ಹೇಳಿದಾಗ ಅವರು ನಕ್ಕರು, ವಾಚಕರೂ ನಗಬಹುದು. ಆದರೆ ಕಳೆದ ಭಾದ್ರಪದದಿಂದ ಕಾರ್ತಿಕದವರೆಗೆ ನಾನು ಪುಸ್ತಕದ ಹಾಳೆ ತಿರುವಿದ್ದಕ್ಕಿಂತ ಕಟ್ಟಿಗೆ ಉಜ್ಜಿದ್ದೇ ಹೆಚ್ಚು. ಬಲ್ಲದ್ದನ್ನು ಬರೆಯಿರಿ ಎಂದು ಕನ್ನಡದ ಗುರುಗಳು ಮೂರು ವರ್ಷದಿಂದ ಹೇಳುತ್ತ ಬಂದಿದ್ದಾರೆ. ನಾನು ಬಲ್ಲದ್ದು ಸದ್ಯಕ್ಕೆ ಇದೊಂದೇ.

ನಮ್ಮ ಊರು ಸವಡಿ, ರೋಣ ತಾಲೂಕಿನ ಎರಿಭೂಮಿಯ ಊರು. ನಮ್ಮದು ಬಡಿಗತನದ ಮನೆ. ಅಜ್ಜನು ಕೂರಿಗೆ, ಕುಂಟೆ, ಚಕ್ಕಡಿ ಮಾಡಿದವನು. ಟ್ರ್ಯಾಕ್ಟರು ಬಂದು ಚಕ್ಕಡಿಗಳು ಮೂಲೆಗೆ ಸೇರಿದ ಮೇಲೆ ಅಪ್ಪ ಬಾಗಿಲು ಕಿಡಕಿಗಳ ಕೆಲಸಕ್ಕೆ ಇಳಿದನು. ನಾನು ಮಾತ್ರ ಏನನ್ನೂ ಮಾಡಿದವನಲ್ಲ. ಸಣ್ಣವನಿದ್ದಾಗ ಉಳಿಯನ್ನು ಹಿಡಿದರೆ ಅಪ್ಪ ಅದನ್ನು ಕಸಿದುಕೊಂಡು ಕೈಯಲ್ಲಿ ಪಾಟಿ ಕೊಡುತ್ತಿದ್ದನು. “ನೀ ಸಾಲಿ ಕಲಿ. ಈ ಹತ್ತರಿ ನನ್ನ ಕೂಡನ ಮುಗೀಲಿ” ಎಂದು ಅವನ ಮಾತು. ಹೀಗಾಗಿ ಇಪ್ಪತ್ತು ವರ್ಷ ಬಡಿಗನ ಮನೆಯಲ್ಲಿ ಉಂಡು ಬೆಳೆದರೂ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲಾರದ ಪಂಡಿತನು ನಾನಾದೆನು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗನೆಂದು ಅವ್ವ ಬಂದವರ ಮುಂದೆಲ್ಲ ಹೇಳುವಾಗ ಅಪ್ಪ ತಲೆ ತಗ್ಗಿಸಿ ಹತ್ತರಿ ಆಡಿಸುತ್ತಿರುತ್ತಾನೆ. ಹತ್ತರಿಯ ಸಪ್ಪಳ ಆಗ ಸ್ವಲ್ಪ ಜೋರಾಗುವದನ್ನು ನಾನು ಗಮನಿಸಿದ್ದೇನೆ.

ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತೊಟ್ಟಿಲು ತವರಿನವರದು. ನಮ್ಮ ಭಾಗದಲ್ಲಿ ತೊಟ್ಟಿಲೆಂದರೆ ಕಲಘಟಗಿಯ ಹೆಸರು ಮೊದಲು ಬರುತ್ತದೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣ ಮಹಾಭಾರತಗಳ ಚಿತ್ರ. ಅದರ ಬೆಲೆ ನಮಗೆ ನಿಲುಕುವಂಥದಲ್ಲ. ಅಲ್ಲದೆ ಬಡಿಗನು ತನ್ನ ಮಗಳಿಗೆ ಇನ್ನೊಬ್ಬರ ತೊಟ್ಟಿಲು ಕೊಳ್ಳುವದೆಂದರೇನು? ಮಳೆಗೆ ಬಿದ್ದ ಅಜ್ಜಿಯ ಹಳೆಯ ಮಾಳಿಗೆ ಮನೆಯ ಸಾಗವಾನಿ ಕಂಬಗಳು ಹಿತ್ತಿಲಲ್ಲಿ ಬಿದ್ದಿದ್ದವು. ಅವುಗಳನ್ನು ರೋಣಕ್ಕೆ ಒಯ್ದು ಹಲಗೆ ಕೊಯ್ಯಿಸಿ, ಗಿರಾಕಿಗಳ ಕೆಲಸ ಮುಗಿದ ಮೇಲೆ ರಾತ್ರಿ ರಾತ್ರಿ ಕುಳಿತು, ಅಪ್ಪ ಆರು ವಾರಗಳಲ್ಲಿ ತೊಟ್ಟಿಲನ್ನು ಮುಗಿಸಿದನು. ಒಂದೂ ಮೊಳೆಯಿಲ್ಲ, ಎಲ್ಲವೂ ಕುಳಿ-ಕೂಸಿನ ಜೋಡಣೆ. ಬುಡ ಕಿರಿದಾಗಿ, ಮೇಲೆ ಅಗಲವಾಗಿ, ದೋಣಿಯಂತೆ ಬಳುಕಿದ ಪಕ್ಕಗಳು.

ಅಷ್ಟರಲ್ಲಿ ಅವನಿಗೆ ಬೇರೆ ಊರಿನಲ್ಲಿ ಒಂದು ಹೊಸ ಮನೆಯ ಬಾಗಿಲುಗಳ ಕೆಲಸ ಬಂತು. ಹೊರಡುವ ಮುನ್ನ ನನ್ನನ್ನು ಕರೆದು, “ಕಟಿಗಿ ಕೆಲಸಾ ಮುಗೀತು. ಬಣ್ಣದ್ದು ನೀನ ಮಾಡು. ಡಬ್ಬಿ ಮ್ಯಾಲ ಇಂಗ್ಲೀಷಿನ್ಯಾಗ ಏನೇನೋ ಬರದಿರ್ತಾರ, ನೀ ಓದಾಂವ ಅದಿ” ಎಂದನು. ಅಪ್ಪ ನನ್ನ ಕೈಗೆ ತಾನಾಗಿ ಕೊಟ್ಟ ಮೊದಲ ಕೆಲಸವದು.

ನಾನು ಗದಗಿಗೆ ಹೋಗಿ ಡಬ್ಬಿ ತಂದೆನು. ಓದಿದೆನು ಕೂಡ. ವಾರ್ನಿಶ್ ಎಂಬುದು ಒಣಗುವ ಎಣ್ಣೆ, ರಾಳ, ಟರ್ಪೆಂಟೈನ್ ಇವುಗಳ ಕೂಟ. ಒಣಗುವ ಎಣ್ಣೆಗಳಲ್ಲಿ ಹಳೆಯದೂ ಹೆಸರಾದದ್ದೂ ಯಾವುದೆಂದರೆ ನಮ್ಮ ಎರಿಹೊಲದ ಅಗಸಿಯ ಎಣ್ಣೆ! ನಾವು ಹಿಂಡಿ ಕುಟ್ಟಿ ರೊಟ್ಟಿಯ ಜೊತೆ ತಿನ್ನುವ ಅಗಸಿಯೇ ದೂರದೇಶಗಳಲ್ಲಿ ಹಡಗಿನ ಕೂವೆಮರಕ್ಕೆ ಹಚ್ಚುವ ವಾರ್ನಿಶಿನಲ್ಲಿಯೂ ಸೇರಿತ್ತೆಂದು ತಿಳಿದಾಗ ನನಗೆ ಹೆಮ್ಮೆಯೇ ಆಯಿತು. ಇನ್ನೊಂದು ಮಾತು ನನಗೆ ತೀರ ಹೊಸದು. ವಾರ್ನಿಶ್ ಒಣಗುವದೆಂದರೆ ಅರಿವೆ ಒಣಗಿದಂತಲ್ಲ. ಮೊದಲು ಟರ್ಪೆಂಟೈನ್ ಹಾರಿಹೋಗುತ್ತದೆ, ನಿಜ. ಆಮೇಲೆ ಉಳಿದ ಎಣ್ಣೆ ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿಕೊಂಡು, ಕಣಕ್ಕೆ ಕಣ ಬೆಸೆದು, ಗಟ್ಟಿಯಾಗುತ್ತದೆ. ಹಾಗೆ ಬೆಸೆಯುವ ಗುಣ ಎಲ್ಲ ಎಣ್ಣೆಗಳಿಗಿಲ್ಲ. ಅಗಸಿಗೆ ಇದೆ, ಕುಸುಬಿಗೆ ತಕ್ಕಮಟ್ಟಿಗೆ ಇದೆ. ಕೊಬ್ಬರಿ ಎಣ್ಣೆಗೂ ಬೆಣ್ಣೆ ತುಪ್ಪಗಳಿಗೂ ಇಲ್ಲ. ವರ್ಷಗಟ್ಟಲೆ ಇಟ್ಟರೂ ಕಮಟಾಗುತ್ತವೆಯೇ ಹೊರತು ಗಟ್ಟಿ ಪೊರೆಯಾಗುವದಿಲ್ಲ. ಇದನ್ನು ಓದಿ ಮರೆತೆನು. ಮರೆಯದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಮೊದಲ ಕೈ ಹಚ್ಚಿದ್ದು ಒಂದು ರವಿವಾರ ಮಧ್ಯಾಹ್ನ, ಅಂಗಳದಲ್ಲಿ. ಔಷಧದ ಶೀಶೆಯನ್ನು ಅಲುಗಿಸಿದಂತೆ ಡಬ್ಬಿಯನ್ನು ಚೆನ್ನಾಗಿ ಅಲುಗಿಸಿ, ಬಿಸಿಲು ಬಿದ್ದಲ್ಲಿ ಬೇಗ ಒಣಗಲೆಂದು ತೊಟ್ಟಿಲನ್ನು ಇಟ್ಟು, ಹುರುಪಿನಿಂದ ಬ್ರಶ್ ಆಡಿಸಿದೆನು. ಒಂದು ತಾಸಿನಲ್ಲಿ ಮೈತುಂಬ ಗುಳ್ಳೆ. ಅಲುಗಿಸಿದ್ದರಿಂದ ಡಬ್ಬಿಯಲ್ಲಿಯೇ ಗಾಳಿ ಸೇರಿತ್ತು. ಬಿಸಿಲಿಗೆ ಕಾದ ಕಟ್ಟಿಗೆ ತನ್ನ ರಂಧ್ರಗಳೊಳಗಿನ ಗಾಳಿಯನ್ನೂ ಹೊರಗೆ ಉಗುಳಿತು. ಅದೇ ಹೊತ್ತಿಗೆ ಪಕ್ಕದ ಕಣದಲ್ಲಿ ಹೆಸರಿನ ರಾಶಿ ಮಾಡುವ ಯಂತ್ರ ಶುರುವಾಯಿತು. ಗಜೇಂದ್ರಗಡದ ಗುಡ್ಡದ ಮೇಲೆ ವಿದ್ಯುತ್ತಿನ ಗಾಳಿಗಿರಣಿಗಳನ್ನು ತಿರುಗಿಸುವ ಗಾಳಿ ನಮ್ಮೂರಿಗೇನು ಕಡಿಮೆಯೆ? ಹೊಟ್ಟೆಲ್ಲ ಬಂದು ತೊಟ್ಟಿಲಿಗೆ ಹತ್ತಿತು. ಅಕ್ಕ ಹೊರಗೆ ಬಂದು ನೋಡಿ, “ತಮ್ಮಾ, ರವಾದ ಉಂಡಿ ಮಾಡೀಯೇನು?” ಎಂದಳು.

ಇದು ಹುಡುಗಾಟದ ತಪ್ಪು. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿದರೆ ಹೋಯಿತು. ಎರಡನೆಯ ಸಲ ಬಾಗಿಲು ಹಾಕಿದ ಪಡಸಾಲೆಯಲ್ಲಿ, ಸಂಜೆ, ನೆಲಕ್ಕೆ ನೀರು ಚಿಮುಕಿಸಿ ಹಚ್ಚಿದೆನು. ಬಿಸಿ ಇಳಿಯುವ ಹೊತ್ತಿಗೆ ಕಟ್ಟಿಗೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗುಳ್ಳೆ ಏಳುವದಿಲ್ಲ. ಈ ಸಲದ ತಪ್ಪು ದಪ್ಪನಾಗಿ ಬಳಿದದ್ದು. ಬಳುಕಿದ ಪಕ್ಕಗಳ ಮೇಲಿಂದ ವಾರ್ನಿಶ್ ಕಣ್ಣೀರಿನಂತೆ ಇಳಿದು ಅಲ್ಲಲ್ಲಿ ನಿಂತುಕೊಂಡಿತು. ಅದನ್ನೂ ಉಜ್ಜಿದೆನು.

ನಿಜವಾದ ಕಷ್ಟ ಬಂದದ್ದು ಆಮೇಲೆ. ಮೂರು ಪಕ್ಕ ಗಾಜಿನಂತೆ ಒಣಗಿದವು. ನಾಲ್ಕನೆಯ ಹಲಗೆಯಲ್ಲಿ ಅಂಗೈ ಎರಡರಷ್ಟು ಜಾಗ ಒಣಗಲೇ ಇಲ್ಲ. ಒಂದು ದಿನ, ಮೂರು ದಿನ, ವಾರವಾಯಿತು; ಬೆರಳಿಟ್ಟರೆ ಬೆಲ್ಲದ ಪಾಕದಂತೆ ಅಂಟು. ಅದರ ಮೇಲೆ ಇನ್ನೊಂದು ಕೈ ಹಚ್ಚಿದರೆ, ಎಣ್ಣೆ ಸವರಿದ ಹಂಚಿಗೆ ನೀರು ಚಿಮುಕಿಸಿದಂತೆ, ವಾರ್ನಿಶ್ ಸರಿದು ಸರಿದು ಸಣ್ಣ ಕುಳಿಗಳಾದವು. ಆ ಕುಳಿಗಳನ್ನು ಮುಚ್ಚಲೆಂದು ಮತ್ತಷ್ಟು ದಪ್ಪ ಹಚ್ಚಿದೆನು. ಮೇಲಿನದು ಮಾತ್ರ ಕೆನೆಗಟ್ಟಿ, ಒಳಗೆ ಹಸಿಯುಳಿದು, ಕಾಯಿಸಿದ ಹಾಲಿನ ಕೆನೆಯಂತೆಯೇ ನಿರಿಗೆ ಬಿದ್ದಿತು. ಕೊಂಡ ಅಂಗಡಿಗೆ ಫೋನು ಮಾಡಿದರೆ, “ಥಿನ್ನರ್ ಹಾಕಿ ಹಚ್ಚಿರಿ, ತಕ್ಷಣ ಒಣಗತೈತಿ” ಎಂದರು. ಊರಲ್ಲೇ ಸಿಕ್ಕ ಥಿನ್ನರ್ ತಂದು ಬೆರೆಸಿ ಹಚ್ಚಿದೆನು. ಅದು ಎಣ್ಣೆಯ ವಾರ್ನಿಶಿಗೆ ಬೆರೆಸುವ ಟರ್ಪೆಂಟೈನ್ ಆಗಿರದೆ, ಗಾಡಿಗಳಿಗೆ ಹೊಡೆಯುವ ಬಣ್ಣದ ತೀಕ್ಷ್ಣ ಥಿನ್ನರ್ ಆಗಿತ್ತು. ಕೆಳಗಿನ ಪದರವನ್ನೂ ಕರಗಿಸಿ ಎಬ್ಬಿಸಿ, ಅರ್ಧ ಹಲಗೆಯನ್ನು ಸುಟ್ಟ ತೊಗಲಿನಂತೆ ಮಾಡಿಬಿಟ್ಟಿತು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಪ್ಪನ ಆರು ವಾರದ ನಿದ್ದೆ ಆ ಹಲಗೆಯಲ್ಲಿತ್ತು. ಅಕ್ಕನ ದಿನಗಳು ಹತ್ತಿರ ಬರುತ್ತಿದ್ದವು. ಅವಳು ಏನೂ ಅನ್ನಲಿಲ್ಲ. ಪಡಸಾಲೆಯ ಕಡೆ ಬರುವದನ್ನು ಮಾತ್ರ ಬಿಟ್ಟಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಹಾನವಮಿಗೆ ಅಪ್ಪ ಬಂದನು. ಬಾಗಿಲಲ್ಲಿ ಕಾಲಿಡುತ್ತಲೇ ಅವನು ನೋಡಿದ್ದು ತೊಟ್ಟಿಲನ್ನಲ್ಲ, ಮೂಲೆಯನ್ನು. ವಾರ್ನಿಶ್ ಒರೆಸಿದ ಅರಿವೆಗಳನ್ನೆಲ್ಲ ನಾನು ಮುದ್ದೆ ಮಾಡಿ ಹತ್ತರಿಯ ಹೊಟ್ಟಿನ ಮೇಲೆ ಒಗೆದಿದ್ದೆನು. ಅಪ್ಪ ಅದರಲ್ಲಿ ಕೈ ತೂರಿಸಿ, “ಇಲ್ಲಿ ಕೈ ಇಡು” ಎಂದನು. ಮುದ್ದೆಯ ಒಡಲು ಆಗ ತಾನೇ ಹಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿಯಾಗಿತ್ತು! ಎಣ್ಣೆ ಗಾಳಿಯನ್ನು ಹೀರುವಾಗ ಶಾಖ ಹುಟ್ಟುತ್ತದೆ. ಹರವಿದ ಅರಿವೆಯಲ್ಲಿ ಅದು ಹಾರಿಹೋಗುತ್ತದೆ, ಮುದ್ದೆಯಲ್ಲಿ ಒಳಗೇ ಬೆಳೆದು ಬೆಂಕಿ ತಾನಾಗಿ ಹೊತ್ತಿಕೊಳ್ಳಬಹುದು. ಒಳಕೋಣೆಯಲ್ಲಿ ಬಸುರಿ ಅಕ್ಕ ಮಲಗಿದ್ದಳು. ಅಪ್ಪ ಆ ಅರಿವೆಗಳನ್ನು ಒಯ್ದು ನೀರಿನ ಬಕೀಟಿನಲ್ಲಿ ಮುಳುಗಿಸಿದನು. ಇದನ್ನು ಅವನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ವಾರ್ನಿಶ್ ಕೆಲಸ ಮಾಡುವ ಯಾರಾದರೂ ಈ ಲೇಖನದಿಂದ ಒಂದನ್ನೇ ನೆನಪಿಡುವದಾದರೆ ಇದನ್ನು ನೆನಪಿಡಲಿ.

ಆಮೇಲೆ ತೊಟ್ಟಿಲ ಮುಂದೆ ಕುಳಿತನು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆನು. ಡಬ್ಬಿಯದು ದೋಷ, ಹವೆಯದು ದೋಷ, ಅಂಗಡಿಯವರದು ದೋಷ ಎಂದು ವಿದ್ಯಾವಂತನಿಗೆ ತಕ್ಕಂತೆ ಕಾರಣಗಳನ್ನೂ ಕೊಟ್ಟೆನು. ಅವನು ಉತ್ತರ ಕೊಡದೆ ಒಂದು ಗಾಜಿನ ಚೂರು ತೆಗೆದುಕೊಂಡು ಆ ಹಲಗೆಯ ಮೈಯನ್ನು ಹೆರೆಯತೊಡಗಿದನು. ವಾರ್ನಿಶ್ ಎಲ್ಲ ಸುರುಳಿ ಸುರುಳಿಯಾಗಿ ಬಂತು. ಬರಿಯ ಕಟ್ಟಿಗೆ ಕಂಡಿತು. ಅದನ್ನು ಮೂಸಿದನು. ಬೆಳಕಿಗೆ ಓರೆಯಾಗಿ ಹಿಡಿದನು. ಅಂಚಿನಲ್ಲಿ ಹಗ್ಗ ತಿಕ್ಕಿದ ಸಣ್ಣ ಗೆರೆಯೊಂದು, ಹತ್ತರಿ ಹೊಡೆದರೂ ಪೂರ್ತಿ ಹೋಗದೆ, ಉಳಿದುಕೊಂಡಿತ್ತು.

“ಇದು ನಮ್ಮವ್ವ ಮಜ್ಜಿಗಿ ಕಡಿಯೂ ಕಂಬ” ಎಂದನು.

ಅಜ್ಜಿ ದಿನಾ ನಸುಕಿನಲ್ಲಿ ಆ ಕಂಬಕ್ಕೆ ಹಗ್ಗದ ಬಳೆ ಹಾಕಿ ಕಡಗೋಲು ತಿರುವುತ್ತಿದ್ದಳಂತೆ. ಬೆಣ್ಣೆ ತೆಗೆದ ಕೈಯಿಂದಲೇ ಕಂಬ ಹಿಡಿದು ಏಳುವಳು. ಮಧ್ಯಾಹ್ನ ತಲೆಗೆ ಎಣ್ಣೆ ಹಾಕಿಕೊಂಡು ಅದಕ್ಕೇ ಒರಗಿ ಕೂಡುವಳು. ನಲವತ್ತು ವರ್ಷದ ಬೆಣ್ಣೆ ಎಣ್ಣೆ ಕಟ್ಟಿಗೆಯ ನರದಲ್ಲಿ ಇಳಿದಿತ್ತು. ಹೊರಗಿನದನ್ನು ಹತ್ತರಿ ತೆಗೆದಿತ್ತು, ಒಳಗಿನದು ಹಾಗೇ ಇತ್ತು. ನಾನು ಓದಿ ಮರೆತದ್ದು ಆಗ ನೆನಪಾಯಿತು: ಬೆಣ್ಣೆ ಒಣಗುವದಿಲ್ಲ, ತನ್ನ ಜೊತೆ ಸೇರಿದ್ದನ್ನೂ ಒಣಗಗೊಡುವದಿಲ್ಲ. ಸಾಗವಾನಿಗೆ ಮೊದಲೇ ತನ್ನದೊಂದು ಜಿಡ್ಡು ಇದೆ. ಇದು ಅದರ ಮೇಲಿನದು. ನಾನು ಅದನ್ನು ಅಪ್ಪನಿಗೆ ಹೇಳಿದೆನು. ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದನು, ಕುಸುಬಿ ಎಣ್ಣೆ ಯಾವ ಗುಂಪಿನದೆಂದು ಮರಳಿ ಕೇಳಿದನು. ನನ್ನ ಓದಿನ ಬಗ್ಗೆ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಪರೀಕ್ಷೆಯಲ್ಲಿ ಎಷ್ಟು ಬಿತ್ತು ಎಂಬುದನ್ನು ಬಿಟ್ಟರೆ.

ಹಲಗೆಯನ್ನೇ ಬದಲಿಸೋಣವೆ ಎಂದೆನು. ಅಪ್ಪ ಬೇಡವೆಂದನು. ಹಾಗಾದರೆ ಒಳಗಿನ ಜಿಡ್ಡನ್ನು ಹೊರಗೆ ಎಳೆಯಬೇಕು. ವಸತಿಗೃಹದ ಹುಡುಗರು ಅಂಗಿಯ ಮೇಲೆ ಎಣ್ಣೆ ಬಿದ್ದರೆ ಖಡುವಿನ ಪುಡಿ ಉದುರಿಸುವದನ್ನು ನಾನು ನೋಡಿದ್ದೆನು. ಒಂದು ಪೆಟ್ಟಿಗೆ ಖಡು ಕುಟ್ಟಿ (ರೊಕ್ಕ ಕೊಟ್ಟು ತಂದದ್ದು, ಕಾಲೇಜಿನದಲ್ಲವೆಂದು ಅಧ್ಯಾಪಕರು ನಂಬಬೇಕು), ನನಗೆ ಶತ್ರುವಾಗಿದ್ದ ಅದೇ ಥಿನ್ನರಿನಲ್ಲಿ ಕಲಸಿ, ಬರಿಯ ಕಟ್ಟಿಗೆಯ ಮೇಲೆ ಗಟ್ಟಿ ಲೇಪ ಕೊಟ್ಟೆವು. ಥಿನ್ನರ್ ಒಳಗಿಳಿದು ಜಿಡ್ಡನ್ನು ಕರಗಿಸುತ್ತದೆ. ಅದು ಹಾರಿಹೋಗುವಾಗ ಜಿಡ್ಡು ಮೇಲೆ ಬಂದು ಪುಡಿಯಲ್ಲಿ ನಿಲ್ಲುತ್ತದೆ. ಮೊದಲ ಸಲ ಕೆದರಿದ ಪುಡಿ ಹಳದಿಯಾಗಿ, ಹಳೆಯ ತುಪ್ಪದ ವಾಸನೆ ಹೊಡೆಯಿತು. ಅಪ್ಪ ಅದನ್ನು ಬೆರಳಲ್ಲಿ ತಿಕ್ಕುತ್ತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಮೂರನೆಯ ಸಲದ ಪುಡಿ ಬೆಳ್ಳಗೆ ಬಂತು.

ಆದರೂ ನಂಬಿಕೆಯಿಲ್ಲದೆ ಅಪ್ಪ ಅದರ ಮೇಲೆ ಅರಗಿನ ಪಾಲಿಶನ್ನು ಒಂದು ಕೈ ಕೊಟ್ಟನು. ಅರಗು ಮರದ ಮೇಲಿನ ಹುಳದ ಗೂಡಿನಿಂದ ಬರುವಂಥದು, ಸ್ಪಿರಿಟಿನಲ್ಲಿ ಕರಗುವಂಥದು. ಉಳಿದ ಜಿಡ್ಡನ್ನು ಕೆಳಗೇ ತಡೆದು ವಾರ್ನಿಶಿಗೆ ಹಿಡಿತ ಕೊಡುತ್ತದೆ. ಕಲಘಟಗಿಯವರ ದಾರಿಗೆ ನಾವೂ ಹೀಗೆ ಒಂದು ಹೆಜ್ಜೆ ಬಂದಂತಾಯಿತು. ಆ ದಿನ ಜಿಟಿಜಿಟಿ ಮಳೆ. ಸ್ಪಿರಿಟ್ ಹಾರುವಾಗ ತಂಪಿಗೆ ಗಾಳಿಯ ತೇವ ಇಳಿದು ಅರಗೆಲ್ಲ ಬೂದಿ ಬಳಿದಂತೆ ಬೆಳ್ಳಗಾಯಿತು. ನನ್ನ ಎದೆ ಧಸಕ್ಕೆಂದಿತು. ಅಪ್ಪ ನಕ್ಕನು. ಎರಡು ದಿನ ಕಾಯ್ದು, ಬಿಸಿಲು ಬಿದ್ದ ಮೇಲೆ ಸ್ಪಿರಿಟಿನಲ್ಲಿ ಅದ್ದಿ ಹಿಂಡಿದ ಅರಿವೆಯ ಉಂಡೆಯನ್ನು ಹಗುರಾಗಿ ಒಮ್ಮೆ ಆಡಿಸಿದನು, ಬಿಳುಪು ಹೋಯಿತು.

ಕೊನೆಯ ಮೂರು ಕೈ ವಾರ್ನಿಶನ್ನು ನಾನೇ ಹಚ್ಚಿದೆನು. ಹಳೆಯ ಧೋತರದಲ್ಲಿ ಸೋಸಿ, ಟರ್ಪೆಂಟೈನಿನಿಂದ ತೆಳ್ಳಗೆ ಮಾಡಿ, ಒಂದೊಂದಕ್ಕೂ ಒಂದು ಪೂರ್ತಿ ದಿನ ಬಿಟ್ಟು, ನಡುವೆ 320ರ ನಯ ಪೇಪರಿನಿಂದ ಹೊಳಪು ಮಾಸುವಷ್ಟು ಉಜ್ಜಿ. ಹೀಗೆ ಉಜ್ಜದಿದ್ದರೆ ಮೇಲಿನ ಪದರಕ್ಕೆ ಕಾಲೂರಲು ಜಾಗವಿಲ್ಲದೆ ಮುಂದೆ ಸಿಪ್ಪೆಯಂತೆ ಏಳುತ್ತದೆ. ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡುವದನ್ನು ಅಪ್ಪ ಕಲಿಸಿದನು. ಎದುರಿನಿಂದ ನೋಡಿದರೆ ಯಾವ ದೋಷವೂ ಕಾಣುವದಿಲ್ಲ.

ಎಣಿಸಿದ್ದಕ್ಕಿಂತ ಹದಿನೈದು ದಿನ ಮೊದಲೇ ಅಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ಹದಿಮೂರನೆಯ ದಿನ ತೊಟ್ಟಿಲಲ್ಲಿ ಹಾಕುವ ಕಾರ್ಯ. ಆ ಹೊತ್ತಿಗೆ ಕೊನೆಯ ಕೈ ಹಚ್ಚಿ ಒಂಬತ್ತು ದಿನಗಳಾಗಿದ್ದವು. ಮುಟ್ಟಿದರೆ ಗಟ್ಟಿ, ನೋಡಿದರೆ ಕನ್ನಡಿ. ಅವ್ವ ತೊಟ್ಟಿಲಿಗೆ ಕುಂಕುಮ ಹಚ್ಚಿ ಮಾವಿನ ತೋರಣ ಕಟ್ಟಿಯೂ ಆಗಿತ್ತು. ಹಿಂದಿನ ರಾತ್ರಿ ನಾನು ಅದರ ಮೇಲೆ ಕೌದಿ ಮುಚ್ಚಿಟ್ಟು, ನಸುಕಿನಲ್ಲಿ ಎತ್ತಿ ಮೂಗು ಇಟ್ಟು ನೋಡಿದೆನು. ವಾಸನೆ ಇತ್ತು. ಉಗುರು ಒತ್ತಿದೆನು, ಗೆರೆ ಮೂಡಿತು. ಮೇಲೆ ಒಣಗಿದೆ, ಒಳಗೆ ಇನ್ನೂ ಮಾಗಿಲ್ಲ. ಅದಕ್ಕೆ ಮೂರು ನಾಲ್ಕು ವಾರವಾದರೂ ಬೇಕು. ಹಿಂದಿನವರು ಬೇಗ ಒಣಗಲೆಂದು ಎಣ್ಣೆಗೆ ಸೀಸದ ಸಂಯುಕ್ತ ಹಾಕಿ ಕಾಯಿಸುತ್ತಿದ್ದರು. ಮನೆಗೆ ಬಳಸುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ನಮ್ಮ ಸರಕಾರವು 2016ರಲ್ಲಿ ನಿಯಮ ಮಾಡಿದೆ. ಆ ಭಯ ಈಗ ಕಡಿಮೆ. ಆದರೆ ಹದಿಮೂರು ದಿನದ ಕೂಸು ಆ ವಾಸನೆಯನ್ನು ರಾತ್ರಿಯೆಲ್ಲ ಉಸಿರಾಡಬೇಕೆ?

ಬೀಗರು ಬಂದು ಜಮಖಾನೆಯ ಮೇಲೆ ಕುಳಿತಿದ್ದರು. ಅಪ್ಪನನ್ನು ಹಿತ್ತಿಲಿಗೆ ಕರೆದು ಹೇಳಿದೆನು. ಎಲ್ಲ ನನ್ನಿಂದ ತಡವಾದದ್ದು ಎಂದೆನು. ಅವನು ಒಳಗೆ ಬಂದು ತಾನೂ ಮೂಸಿ, ಉಗುರೊತ್ತಿ ನೋಡಿ, ಪಕ್ಕದ ಮನೆಗೆ ಹೋಗಿ ಅವರ ಹಳೆಯ ತೊಟ್ಟಿಲನ್ನು ಹೊತ್ತು ತಂದನು. “ಬಡಿಗ್ಯಾರ ಮನ್ಯಾಗ ಎರವಿನ ತೊಟ್ಲಾ?” ಎಂದು ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ ಅಂದಳು. ಅವ್ವನ ಮುಖ ಸಣ್ಣದಾಯಿತು. ಅಪ್ಪ, “ನಮ್ಮದು ಇನ್ನಾ ಹಸಿ ಐತ್ರಿ” ಎಂದಷ್ಟೇ ಹೇಳಿ ಸರಪಳಿ ಕಟ್ಟಿದನು. ಹೆಣ್ಣುಮಕ್ಕಳು ಹಾಡು ಶುರುಮಾಡಿದರು. ನಾನು ಊಟದ ಎಲೆ ಹಾಕುವ ನೆವದಿಂದ ಹೊರಗೆ ನಡೆದೆನು.

ಎರಡನೆಯ ತಿಂಗಳಲ್ಲಿ ಕೂಸು ತನ್ನ ತೊಟ್ಟಿಲಿಗೆ ಬಂತು. ಅಂಗೈಯಗಲದ ಆ ಜಾಗ ಉಳಿದ ಕಟ್ಟಿಗೆಗಿಂತ ತುಸು ಕಪ್ಪಾಗಿಯೇ ಇದೆ. ಅಂಟು ಮಾತ್ರ ಇಲ್ಲ. ಐದನೆಯ ತಿಂಗಳಲ್ಲಿ, ಅಂದರೆ ಮೊನ್ನೆ, ಅಕ್ಕ ಗಂಡನ ಮನೆಗೆ ಹೊರಟಳು. ತೊಟ್ಟಿಲನ್ನು ಟಂಟಂನಲ್ಲಿ ಏರಿಸಿ ಅಪ್ಪ ಕೌದಿ ಸುತ್ತಿ ಹಗ್ಗ ಬಿಗಿಯತೊಡಗಿದನು.

“ಯಪ್ಪಾ, ಹಗ್ಗ ತಿಕ್ಕಿ ಗೆರಿ ಬಿದ್ರ?” ಎಂದೆನು.

“ಬಿದ್ರ ಬೀಳಲಿ. ಉಜ್ಜಾಕ ಬರತೈತಲ್ಲ ನಿನಗ” ಎಂದನು ಅಪ್ಪ, ಗಂಟು ಹಾಕುತ್ತ.